ನೂರಾ ನಾಲ್ಕು ಕಿಲೋ

ನನ್ನ ಮಾವನವರ ಗೋದಾಮಿನಲ್ಲಿ ಎರಡು ತಿಂಗಳು ನಾನು ಮಾಡಿದ ಕೆಲಸವೆಂದರೆ ಕೂತುಕೊಳ್ಳುವುದು. ಕುರ್ಚಿಯ ಮೇಲಲ್ಲ, ಒಂದು ಯಂತ್ರದ ಬೆನ್ನ ಮೇಲೆ. ನನ್ನ ತೂಕ ನೂರಾ ನಾಲ್ಕು ಕಿಲೋ. ಮನೆ ಅಳಿಯನಾಗಿ ಬಂದು ಆರು ವರ್ಷವಾಗಿತ್ತು, ಅಷ್ಟು ವರ್ಷದಲ್ಲಿ ನನ್ನಲ್ಲಿ ಅವರಿಗೆ ಉಪಯೋಗಕ್ಕೆ ಬಂದದ್ದು ಇದೊಂದೇ. ಬಿ.ಎಸ್ಸಿ. ಮಾಡಿದ್ದೇನೆ, ಭೌತಶಾಸ್ತ್ರದಲ್ಲಿ ಎರಡನೇ ದರ್ಜೆ. ಅದನ್ನು ಯಾರೂ ಕೇಳಲಿಲ್ಲ.

ಮಾವ ನೀಲಕಂಠಪ್ಪನವರದು ಎಣ್ಣೆ ವ್ಯಾಪಾರ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅವರ ಅಪ್ಪನ ಕಾಲದ ಅಂಗಡಿ ಇದೆ. ಶೇಂಗಾ ಎಣ್ಣೆ, ಕುಸುಬೆ ಎಣ್ಣೆ, ಹದಿನೈದು ಕಿಲೋ ಡಬ್ಬಿಗಳಲ್ಲಿ. ಹೋದ ವರ್ಷ ಅಂಗಡಿಯ ಹಿಂದಿನ ಕೋಣೆ ಸಾಲದೆ ಧಾರವಾಡದಾಚೆ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಗೋದಾಮು ಹಿಡಿದರು. ಮೂರು ಅಂತಸ್ತಿನ ಕಬ್ಬಿಣದ ರ‍್ಯಾಕು ಹಾಕಿಸಿದರು. ಮೇಲಿನ ಅಂತಸ್ತು ನೆಲದಿಂದ ಮೂರು ಮೀಟರ್. ಅಷ್ಟು ಎತ್ತರಕ್ಕೆ ಡಬ್ಬಿ ಏರಿಸುವವರು ಯಾರು ಎಂಬ ಪ್ರಶ್ನೆ ರ‍್ಯಾಕಿನ ಬಣ್ಣ ಒಣಗಿದ ಮೇಲೆ ಹೊಳೆಯಿತು. ಹಮಾಲ ದುರಗಪ್ಪ ಕತ್ತೆತ್ತಿ ನೋಡಿ, "ಇದು ನನ್ನಿಂದ ಆಗೂದಲ್ಲ ಬಿಡ್ರಿ" ಎಂದು ಪಂಚೆ ಸರಿಮಾಡಿಕೊಂಡು ಹೊರಗೆ ಹೋದ. ಆ ದಿನ ಅಲ್ಲಿ ನಡೆದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಹೀಗಾಗಿ ಸ್ಟ್ಯಾಕರ್ ಕೊಳ್ಳುವುದೆಂದಾಯಿತು. ಸ್ಟ್ಯಾಕರ್ ಎಂದರೆ ಬ್ಯಾಟರಿಯ ಯಂತ್ರ. ಮುಂದೆ ಎರಡು ಕಬ್ಬಿಣದ ಕೊಂಬು. ಸರಕು ಜೋಡಿಸಿದ ಕಟ್ಟಿಗೆಯ ಪ್ಯಾಲೆಟ್ಟಿನ ಕೆಳಗೆ ಆ ಕೊಂಬು ತೂರಿಸಿ, ಕಂಬದ ಗುಂಟ ಮೇಲೆತ್ತುತ್ತದೆ. ನಡೆಸುವವರು ಹಿಂದಿನ ಹಿಡಿ ಹಿಡಿದು ಜೊತೆಗೇ ನಡೆಯಬೇಕು.

ನನಗೆ ಮಾಡಲು ಬೇರೆ ಕೆಲಸ ಇರಲಿಲ್ಲ. ಟೇಪು ಹಿಡಿದು ಎರಡು ದಿನ ಗೋದಾಮು ಅಳೆದೆ. ರ‍್ಯಾಕಿನ ಎತ್ತರ, ನಡುವಿನ ದಾರಿಯ ಅಗಲ, ಯಂತ್ರ ತಿರುಗಲು ಬೇಕಾದ ಜಾಗ, ಬಾಗಿಲ ಬಳಿ ನೆಲ ಎಷ್ಟು ಇಳಿಜಾರು, ಎಲ್ಲವನ್ನೂ ಬರೆದೆ. ಒಂದು ಪ್ಯಾಲೆಟ್ಟಿಗೆ ಅರವತ್ತು ಡಬ್ಬಿ, ಡಬ್ಬಿಯ ತಗಡು ಸೇರಿ ಒಂದೊಂದು ಹದಿನಾರು ಕಿಲೋ, ಕಟ್ಟಿಗೆ ಇಪ್ಪತ್ತೈದು. ಒಟ್ಟು ಒಂಬೈನೂರಾ ಎಂಬತ್ತೈದು. ಚೀಟಿಯನ್ನು ಮಾವನವರ ಕೈಗೆ ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಎಲೆ-ಅಡಿಕೆಯ ಚಂಚಿಯಲ್ಲಿ ಇಟ್ಟರು. ಆಮೇಲೆ ಅದರಲ್ಲಿ ಅಡಿಕೆ ಕಟ್ಟಿಟ್ಟದ್ದನ್ನು ನೋಡಿದ್ದೇನೆ.

ಮುಂದಿನದನ್ನು ಹೇಳುವ ಮೊದಲು ಈ ಮನೆತನದ ಬಗ್ಗೆ ಒಂದು ಮಾತು ಹೇಳಬೇಕು. ಇವರಿಗೆ ಬುದ್ಧಿ ಕಡಿಮೆ, ಮರ್ಯಾದೆ ಜಾಸ್ತಿ. ಹಿರಿಯರು ಬಂದರೆ ಎದ್ದು ನಿಲ್ಲಬೇಕು. ಊಟದ ತಾಟಿನ ಮುಂದೆ ಇದ್ದರೆ ಎಂಜಲು ಕೈಯಲ್ಲೇ ಏಳಬೇಕು. ಹಿರಿಯರ ಎದುರು ಕಾಲು ಚಾಚುವುದಂತೂ ಮಹಾಪರಾಧ. ಹಿರಿಯರೆಂದರೆ ಮುಖ್ಯವಾಗಿ ಮಾವನವರ ಅಣ್ಣ ಕುಮಾರಸ್ವಾಮಿಯವರು. ಎಂಬತ್ತೆರಡು ವರ್ಷದ, ಹತ್ತಿ ವ್ಯಾಪಾರ ಮಾಡಿ ಬಿಟ್ಟ ಮನುಷ್ಯ. ನಾವು ದೊಡ್ಡಮಾವ ಎನ್ನುತ್ತೇವೆ. ಅತ್ತೆ ಮುರಿಗೆವ್ವನವರು ಕಾಲು ಮುರಿದುಕೊಂಡು ಪ್ಲಾಸ್ಟರು ಹಾಕಿಸಿಕೊಂಡಿದ್ದಾಗ, ದೊಡ್ಡಮಾವ ನೋಡಲು ಬರುತ್ತಾರೆಂದು ನಾಲ್ಕು ಜನ ಸೇರಿ ಮಂಚವನ್ನೇ ತಿರುಗಿಸಿದ್ದರು. ಮುರಿದ ಕಾಲು ಗೋಡೆಯ ಕಡೆಗಾಯಿತು. ದೊಡ್ಡಮಾವ ಅತ್ತೆಯ ಬೆನ್ನಿನ ಜೊತೆ ಮಾತಾಡಿ ಹೋದರು.

ಇಂಥವರ ಜೊತೆ ಯಂತ್ರ ಕೊಳ್ಳಲು ಹೋದೆ. ಮಾರುವ ಹುಡುಗನ ಹೆಸರು ಫರಾಜ. ಕೆಲಸ ಬಲ್ಲವನು, ಕಂಡ ಕೂಡಲೇ ತಿಳಿಯಿತು. ಯಂತ್ರ ತೋರಿಸುವ ಮೊದಲು ಪ್ರಶ್ನೆ ಕೇಳಿದ.

"ಪ್ಯಾಲೆಟ್ ತುಂಬಿದ ಮ್ಯಾಲೆ ತೂಕ ಎಷ್ಟಾಗ್ತೈತ್ರಿ? ಎಷ್ಟು ಎತ್ತರಕ್ಕ ಏರ್ಸಬೇಕ್ರಿ?"

"ಅದೆಲ್ಲಾ ನಿನಗ್ಯಾಕಪಾ?" ಎಂದರು ಮಾವ. "ನೀ ಮಶಿನ್ ತೋರ್ಸು."

ನಾನು ನಡುವೆ ಬಾಯಿ ಹಾಕಿ ಲೆಕ್ಕ ಹೇಳಿದೆ. ಫರಾಜ ತಲೆ ಆಡಿಸಿ ಒಂದು ಯಂತ್ರದ ಮುಂದೆ ನಿಲ್ಲಿಸಿದ. ಅದಕ್ಕೆ ನೆಲಮಟ್ಟದಲ್ಲಿ ಮುಂದಕ್ಕೆ ಚಾಚಿದ ಎರಡು ಅಗಲವಾದ ಕಾಲುಗಳಿದ್ದವು. ಪ್ಯಾಲೆಟ್ಟಿನ ಆಚೆ ಈಚೆ ಆ ಕಾಲು ಹೋಗುತ್ತವೆ, ಮೇಲೆ ಎಷ್ಟೇ ಭಾರವಿದ್ದರೂ ಕೆಳಗೆ ಊರಿಕೊಂಡಿರುತ್ತದೆ ಎಂದು ವಿವರಿಸಿದ. ನನ್ನ ಅಳತೆಗೆ ಸರಿಯಾಗಿ ಕೂಡುತ್ತಿತ್ತು.

ಮಾವ ಅದರ ಸುತ್ತ ಒಂದು ಸುತ್ತು ಬಂದರು. ಎದುರು ನಿಂತು ಹುಬ್ಬು ಗಂಟಿಕ್ಕಿದರು.

"ಇದ್ಯಾಕ ಹಿಂಗ ಕಾಲ ಚಾಚಿಕೊಂಡ ಕುಂತೈತಿ?"

"ಅದು ಆಧಾರಕ್ಕ್ರಿ ಸಾವ್ಕಾರ್ರ. ಮ್ಯಾಲೆ ಭಾರ ಹೋದಾಗ ಮುಂದ ಮುಗ್ಗರಿಸಬಾರ್ದು ಅಂತ."

"ಒಂದಿನ ಅಣ್ಣಾರು ನೋಡಾಕ ಬರ್ತಾರ. ಬಾಗಲದಾಗ ಇದು ಅವ್ರ ಮುಂದ ಕಾಲ ಚಾಚಿಕೊಂಡ ನಿಂತಿರ್ತೈತಿ. ಏನಂದ್ಕೋಬೇಕು ಅವ್ರು?"

ಫರಾಜ ನಕ್ಕ. ಪಾಪ, ತಮಾಷೆ ಎಂದುಕೊಂಡಿದ್ದ. ಮಾವನವರ ಮುಖ ನೋಡಿ ನಗು ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಮೇಲಿನ ಫ್ಯಾನು ನೋಡಿದೆ.

ಮೂಲೆಯಲ್ಲಿ ಇನ್ನೊಂದು ಇತ್ತು. ಅದಕ್ಕೆ ಮುಂದೆ ಕಾಲಿಲ್ಲ. ಹಿಂದೆ ಕಬ್ಬಿಣದ ದಪ್ಪ ಭಾರ ಇಟ್ಟಿರುತ್ತಾರೆ, ಆ ಭಾರದಿಂದಲೇ ಮುಂದಿನ ಸರಕನ್ನು ತಡೆಯಬೇಕು. ಪಕ್ಕದಲ್ಲಿ ಹಸಿರು ಬಣ್ಣದಲ್ಲಿ ದೊಡ್ಡದಾಗಿ ೧೦೦೦ ಎಂದು ಬರೆದಿತ್ತು. ಮಾವ ಅದರ ಬೆನ್ನು ಸವರಿದರು. "ಇದು ನೋಡ್ರಿ ಅಳ್ಯಾರ, ಎಷ್ಟು ಮರ್ಯಾದಸ್ತ ಐತಿ. ಸಾವಿರ ಕಿಲೋ ಅಂತ ಬರದೈತಿ. ನಮ್ಮದು ಒಂಬೈನೂರಾ ಎಂಬತ್ತೈದು. ಇನ್ನ ಹದಿನೈದ ಕಿಲೋ ಉಳೀತೈತಿ." ಅಂದರೆ ನನ್ನ ಚೀಟಿ ಅವರು ಓದಿದ್ದರು. ಆದರೆ ತಮಗೆ ಬೇಕಾದ ಸಾಲನ್ನು ಮಾತ್ರ. ಫರಾಜ ಏನೋ ಹೇಳಲು ಬಾಯಿ ತೆರೆದ, ಮಾವ ಅವನ ಕೈಗೆ ಎಲೆ-ಅಡಿಕೆ ಇಟ್ಟು ಬಾಯಿ ಮುಚ್ಚಿಸಿದರು.

ಯಂತ್ರ ಬಂದ ದಿನ ಪೂಜೆಯಾಯಿತು. ಗಾಲಿಗೆ ನಿಂಬೆಹಣ್ಣು, ಕಂಬಕ್ಕೆ ವಿಭೂತಿ, ಹಾರ. ಬೈರಿದೇವರಕೊಪ್ಪದ ಮನೆಯಿಂದ ಅತ್ತೆ, ನನ್ನ ಹೆಂಡತಿ ದಾಕ್ಷಾಯಿಣಿ, ಅಕ್ಕಪಕ್ಕದ ಮನೆಯವರೆಲ್ಲ ಬಂದಿದ್ದರು. ನಡೆಸಲು ಕಾವೇರಿ ಎಂಬ ಹೊಸ ಹುಡುಗಿಯನ್ನು ತೆಗೆದುಕೊಂಡಿದ್ದರು. ಇಪ್ಪತ್ತಾರು ವರ್ಷ, ಧಾರವಾಡದಲ್ಲಿ ಮೂರು ತಿಂಗಳು ತರಬೇತಿ ಪಡೆದವಳು. ಬೇರೆಯವರು ಕೇಳುವ ಸಂಬಳಕ್ಕಿಂತ ಕಡಿಮೆಗೆ ಬಂದಳು ಎಂಬ ಕಾರಣಕ್ಕೆ ಮಾವ ಅವಳನ್ನು ಆರಿಸಿದ್ದರು. ತಪ್ಪು ಕಾರಣಕ್ಕೆ ಸರಿಯಾದ ಮನುಷ್ಯರು ಸಿಗುವುದು ಅಪರೂಪ, ಅದು ಆ ದಿನ ಆಯಿತು.

ಮೊದಲ ಪ್ಯಾಲೆಟ್ಟನ್ನೇ ಮೇಲಿನ ಅಂತಸ್ತಿಗೆ ಏರಿಸಬೇಕೆಂದು ಮಾವನ ಹಟ. ಒಂದೂವರೆ ಮೀಟರ್ ತನಕ ಸುಖವಾಗಿ ಹೋಯಿತು. ಎರಡು ದಾಟಿದ ಮೇಲೆ ಹಿಂದಿನ ಗಾಲಿ ನೆಲ ಬಿಟ್ಟಿತು. ನಾಲ್ಕು ಬೆರಳು ಇರಬೇಕು, ಅಷ್ಟೇ. ಆದರೆ ಹೆಂಗಸರು ಕಿರುಚಿದರು, ಕಾವೇರಿ ಕೈ ತಡೆದಳು, ಮಾವನವರ ಮುಖ ಊರ ಮುಂದೆ ಪಂಚೆ ಬಿಚ್ಚಿಹೋದವರ ಮುಖದಂತೆ ಆಯಿತು.

ಆಗ ನಾನು ಏನು ಮಾಡಿದೆ? ಓಡಿ ಹೋಗಿ ಯಂತ್ರದ ಹಿಂಭಾಗದ ಮೇಲೆ ಹತ್ತಿ ಕೂತೆ.

ಚಕ್ಕಡಿಯ ಹಿಂದೆ ಹೇರು ಹೆಚ್ಚಾಗಿ ನೊಗ ಮೇಲೆದ್ದರೆ ಒಬ್ಬ ಹೋಗಿ ಮುಂದೆ ಕೂಡುತ್ತಾನೆ, ಸಣ್ಣವನಿದ್ದಾಗಿನಿಂದ ನೋಡಿದ್ದು. ಅದೇ ತಲೆಯಲ್ಲಿ ಬಂತು. ಗಾಲಿ ನೆಲಕ್ಕೆ ಕೂತಿತು. ಪ್ಯಾಲೆಟ್ಟು ಮೇಲೆ ಹೋಗಿ ರ‍್ಯಾಕಿನಲ್ಲಿ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಅಳ್ಯಾರ ತಲಿ ನೋಡ್ರಿ" ಎಂದರು. ಆರು ವರ್ಷದಲ್ಲಿ ಮೊದಲ ಹೊಗಳಿಕೆ ಅದು. ನಾಚಿಕೆಗೆಟ್ಟವನಂತೆ ನನಗೆ ಸಂತೋಷವಾಯಿತು.

ಮರುದಿನದಿಂದ ಅದೇ ನನ್ನ ಹುದ್ದೆ. ದಾಕ್ಷಾಯಿಣಿ ಹಳೆಯ ಸೀರೆಗಳ ಒಂದು ಸಣ್ಣ ಕೌದಿ ಹೊಲಿದು ಕೊಟ್ಟಳು, ಬ್ಯಾಟರಿಯ ಮುಚ್ಚಳ ಬಿಸಿಯಾಗುತ್ತದೆ ಎಂದು. "ಮನ್ಯಾಗೂ ಕುಂದರ್ತೀರಿ, ಅಲ್ಲೂ ಕುಂದರ್ರಿ. ಅಲ್ಲಿ ಕುಂತ್ರ ಅಪ್ಪಾರಿಗೆ ಉಪಯೋಗ ಆದ್ರೂ ಆಗ್ತೈತಿ" ಎಂದಳು. ಅವಳಿಗೂ ನನಗೂ ನಡುವೆ ಸುಳ್ಳು ಇಲ್ಲ, ಅದು ನಮ್ಮ ದಾಂಪತ್ಯದ ಒಳ್ಳೆಯ ಗುಣ.

ಮೂರನೇ ದಿನ ಬೆಳಿಗ್ಗೆ ನಾನು ಕೌದಿ ಹಾಸುತ್ತಿದ್ದಾಗ ಕಾವೇರಿ ಯಂತ್ರದ ತಪಾಸಣೆ ಮಾಡುತ್ತಿದ್ದಳು. ದಿನಾ ಮಾಡುತ್ತಾಳೆ. ಸರಪಳಿ ಜೋತಿದೆಯೇ, ಕೊಂಬಿನಲ್ಲಿ ಬಿರುಕಿದೆಯೇ, ಬ್ರೇಕು ಹಿಡಿಯುತ್ತದೆಯೇ, ಹಾರ್ನು, ಕೆಂಪು ಗುಂಡಿ. ನೆಲದ ಮೇಲೆ ಎಣ್ಣೆ ಹನಿ ಕಂಡರೆ ಕಟ್ಟಿಗೆ ಹೊಟ್ಟು ಹಾಕಿ ಬಳಿಯದೆ ಯಂತ್ರ ಮುಟ್ಟುವುದಿಲ್ಲ. ಮಾವ ಇದನ್ನು ಕಾಲಹರಣ ಎನ್ನುತ್ತಿದ್ದರು. ದಿನಾ ಅರ್ಧ ತಾಸು ದೇವರ ಮುಂದೆ ಕೂಡುವ ಮನುಷ್ಯನಿಗೆ ಹತ್ತು ನಿಮಿಷದ ತಪಾಸಣೆ ಕಾಲಹರಣ.

"ಅಳ್ಯಾರ, ಸ್ವಲ್ಪ ಇಲ್ಲಿ ಬರ್ರಿ" ಎಂದಳು. ಗೋದಾಮಿನಲ್ಲಿ ಎಲ್ಲರೂ ನನ್ನನ್ನು ಅಳ್ಯಾರ ಎಂದೇ ಕರೆಯುತ್ತಾರೆ. ಅಮರೇಶ ಎಂಬ ಹೆಸರು ಹಾಜರಿ ಪುಸ್ತಕದಲ್ಲೂ ಇಲ್ಲ.

ಕಂಬದ ಪಕ್ಕ ಅಂಗೈ ಅಗಲದ ಒಂದು ತಗಡು ಇತ್ತು. ಪೂಜೆಯ ವಿಭೂತಿ ಅದರ ಮೇಲೆ ಗಟ್ಟಿಯಾಗಿ ಒಣಗಿತ್ತು. ಕಾವೇರಿ ಬಟ್ಟೆಯಿಂದ ಒರೆಸಿದಳು.

"ಓದ್ರಿ. ನೀವು ಕಲಿತವ್ರಲ್ಲ."

ಓದಿದೆ. ಒಂದೂವರೆ ಮೀಟರಿಗೆ ಸಾವಿರ ಕಿಲೋ. ಎರಡು ಮೀಟರಿಗೆ ಎಂಟುನೂರು. ಮೂರು ಮೀಟರಿಗೆ ಆರುನೂರು. ಕೆಳಗೆ ಯಂತ್ರದ ಮೇಲೆ ಕೂತ ಮನುಷ್ಯನ ಸಣ್ಣ ಚಿತ್ರ, ಅದರ ಮೇಲೆ ಕೆಂಪು ಗೀಟು.

"ಆರನೂರು ಹೊರೂದರ ಮ್ಯಾಲೆ ನಾವು ಸಾವಿರ ಹೇರಾಕತ್ತೇವ್ರಿ" ಎಂದಳು. "ನೀವು ಮ್ಯಾಲೆ ಕುಂತೀರಿ ಅಂತ ಅದು ತಡಕೊಂಡು ನಿಂತೈತಿ. ನೀವು ಒಂದ ಸಲ ಎದ್ರಿ ಅಂದ್ರ ಮುಂದ ಬಗ್ಗತೈತಿ, ಡಬ್ಬಿ ಜಾರತಾವ. ಡಬ್ಬಿ ಹೋದ ಕೂಡಲೇ ಹಿಂದಿಂದು ಧಪ್ ಅಂತ ಕೆಳಗ ಬರತೈತಿ. ಆ ಹಿಡಿ ಹಿಡಕೊಂಡು ಅಲ್ಲಿ ನಿಂತಾಕಿ ನಾನು. ಕೆಳಗ ನನ್ನ ಕಾಲ ಇರ್ತಾವ." ಅವಳು ತನ್ನ ಚಪ್ಪಲಿಯ ಕಡೆ ಬೆರಳು ತೋರಿಸಿದಳು. "ಸಾವ್ಕಾರ್ರಿಗೆ ನಾ ಹೇಳಿದೆ. ನಿನ್ನೆ ಮೊನ್ನೆ ಬಂದಾಕಿ ನೀ ನನಗ ಹೇಳ್ತೀಯೇನ್ ಅಂದ್ರು. ನೀವು ಹೇಳ್ರಿ. ಅರ್ಧ ಪ್ಯಾಲೆಟ್ ಏರ್ಸೂಣು, ಇಲ್ಲಾ ಮ್ಯಾಲಿನ ಅಂತಸ್ತ ಬಿಡೂಣು."

"ನಾಳೆ ಹೇಳ್ತೇನಿ" ಎಂದೆ.

ಆ ನಾಳೆ ಎರಡು ತಿಂಗಳು ಬರಲಿಲ್ಲ. ಏಕೆ ಎಂದು ಕೇಳಿದರೆ ನೇರವಾಗಿ ಹೇಳುತ್ತೇನೆ: ಹೇಳಿದ್ದರೆ ನನ್ನ ಹುದ್ದೆ ಹೋಗುತ್ತಿತ್ತು. ಬೆಳಿಗ್ಗೆ ಗೋದಾಮಿಗೆ ಹೋದ ಕೂಡಲೇ ದುರಗಪ್ಪ, "ಅಳ್ಯಾರು ಬಂದ್ರು, ಕೆಲಸ ಚಾಲೂ ಮಾಡ್ರಿ" ಎಂದು ಕೂಗುತ್ತಿದ್ದ. ನಾನಿಲ್ಲದೆ ಒಂದು ಡಬ್ಬಿಯೂ ಮೇಲೇರುತ್ತಿರಲಿಲ್ಲ. ಮೇಲೆ ಕೂತು ಎಲ್ಲರನ್ನೂ ಮನಸ್ಸಿನಲ್ಲೇ ಬೈಯುವುದು ನನಗೆ ಹಿತವಾಗಿತ್ತು. ಈ ದುರಗಪ್ಪನನ್ನೇ ನೋಡಿ, ಎತ್ತಿದ ಪ್ಯಾಲೆಟ್ಟಿನ ಸರಿ ಕೆಳಗೆ ನಿಂತು ಎರಡೂ ಕೈ ಮೇಲೆತ್ತಿರುತ್ತಿದ್ದ, ಸಾವಿರ ಕಿಲೋ ಬಿದ್ದರೆ ಹಿಡಿಯುವವನ ಹಾಗೆ. ಕಾವೇರಿ ಹಾರ್ನು ಹೊಡೆದು ಓಡಿಸುತ್ತಿದ್ದಳು. ಮತ್ತೆ ಬರುತ್ತಿದ್ದ. ಎಂಥ ಕತ್ತೆ ಎಂದುಕೊಳ್ಳುತ್ತಿದ್ದೆ. ತಗಡು ಓದಿ ಅರ್ಥಮಾಡಿಕೊಂಡೂ ಯಂತ್ರದ ಮೇಲೆಯೇ ಕೌದಿ ಹಾಸಿಕೊಂಡು ಕೂತವನಿಗೆ ಏನೆನ್ನಬೇಕೆಂದು ಯೋಚಿಸಲಿಲ್ಲ.

ಕಾವೇರಿ ಮತ್ತೆ ಎರಡು ಸಲ ಕೇಳಿದಳು. ಮೂರನೇ ಸಲದಿಂದ ಕೇಳುವುದು ಬಿಟ್ಟಳು. ಪ್ಯಾಲೆಟ್ಟು ಎತ್ತುವ ಮೊದಲು ನನ್ನ ಕಡೆ ನೋಡಿ, "ಏಳಬ್ಯಾಡ್ರಿ" ಎಂದಷ್ಟೇ ಹೇಳುತ್ತಿದ್ದಳು. ದಿನಕ್ಕೆ ಇಪ್ಪತ್ತು ಸಲ. ಪ್ರತಿ ಸಲವೂ ತನ್ನ ಪಾದ ಎಷ್ಟು ದೂರ ಇಡಲಾಗುತ್ತದೋ ಅಷ್ಟು ದೂರ ಇಟ್ಟು, ತೋಳು ಚಾಚಿ ಹಿಡಿ ಹಿಡಿಯುತ್ತಿದ್ದಳು.

ಕೊನೆಗೆ ದೊಡ್ಡಮಾವ ಗೋದಾಮು ನೋಡಲು ಬರುವ ದಿನ ಗೊತ್ತಾಯಿತು. ಮಾವನಿಗೆ ಹಿಂದಿನ ದಿನದಿಂದ ನಿದ್ದೆ ಇಲ್ಲ. ಅಣ್ಣ ಬಾಗಿಲಲ್ಲಿ ಕಾಲಿಟ್ಟಾಗ ಪ್ಯಾಲೆಟ್ಟು ಮೇಲೆ ಮೂರು ಮೀಟರಿನಲ್ಲಿ ತೂಗುತ್ತಿರಬೇಕು, ಅವರು ತಲೆಯೆತ್ತಿ ನೋಡಬೇಕು, ಆಮೇಲೆ ಅದು ರ‍್ಯಾಕಿನೊಳಗೆ ಹೋಗಬೇಕು. ಹೀಗೆಂದು ನಾಟಕದ ಮೇಷ್ಟರಂತೆ ಎಲ್ಲರಿಗೂ ಜಾಗ ತೋರಿಸಿದರು.

"ಭಾರ ಮ್ಯಾಲೆ ಇಟ್ಕೊಂಡು ಹಂಗ ನಿಂದರಬಾರ್ದ್ರಿ ಸಾವ್ಕಾರ್ರ" ಎಂದಳು ಕಾವೇರಿ. "ಅವ್ರು ಬಂದ ಮ್ಯಾಲೆ ಏರಸ್ತೇನಿ."

"ಹೇಳಿದಷ್ಟು ಮಾಡವಾ."

ಹನ್ನೊಂದು ಗಂಟೆಗೆ ಕಾರು ಬಂದ ಸದ್ದು ಕೇಳಿ ಮಾವ ಕೈ ಬೀಸಿದರು. ಕಾವೇರಿ ನನ್ನ ಕಡೆ ನೋಡಿ, "ಏಳಬ್ಯಾಡ್ರಿ" ಎಂದು ಎತ್ತಿದಳು. ಅರವತ್ತು ಡಬ್ಬಿ ನಮ್ಮೆಲ್ಲರ ತಲೆಯ ಮೇಲೆ ಹೋಗಿ ನಿಂತವು. ಬಾಗಿಲಲ್ಲಿ ಬಿಳಿ ರುಮಾಲು ಕಂಡಿತು. ಕೋಲೂರಿಕೊಂಡು ದೊಡ್ಡಮಾವ ಒಳಗೆ ಬಂದರು. ಗೋದಾಮಿನಲ್ಲಿ ಕೂತಿದ್ದವರೆಲ್ಲ ಎದ್ದರು.

ನನ್ನ ಬುದ್ಧಿಗಿಂತ ಮೊದಲು ನನ್ನ ಕುಂಡೆ ಎದ್ದಿತು.

ಆರು ವರ್ಷದ ಅಭ್ಯಾಸ, ಏನು ಮಾಡುವುದು. ಎರಡು ಬೆರಳು ಎದ್ದಿರಬಹುದು. ಕೆಳಗೆ ಯಂತ್ರ ನನ್ನ ಜೊತೆಗೇ ಎದ್ದಿತು. ಮೇಲೆ ಡಬ್ಬಿಗಳು ಒಂದಕ್ಕೊಂದು ಬಡಿದು ಸದ್ದು ಮಾಡಿದವು.

"ಕುಂದರ್ರೀ!" ಎಂದು ಕಾವೇರಿ ಚೀರಿದಳು. "ನನ್ನ ಕಾಲ ಅದಾವ!"

ಕೂತೆ. ಎರಡೂ ಕೈಯಿಂದ ಯಂತ್ರದ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. ಗಾಲಿ ನೆಲಕ್ಕೆ ಬಡಿಯಿತು. ಕಾವೇರಿ ಇಳಿಸಲು ಶುರು ಮಾಡಿದಳು. ಒಮ್ಮೆಲೇ ಇಳಿಸಿದರೆ ಜಗ್ಗು ಬಿದ್ದು ಎಲ್ಲವೂ ಮುಂದಕ್ಕೆ ಬರುತ್ತದೆ, ಹೀಗಾಗಿ ಒಂದೊಂದು ಬೆರಳಿನಷ್ಟು.

"ಅಳ್ಯಾರ, ಅಣ್ಣಾರು ಬಂದಾರ" ಎಂದರು ಮಾವ, ಮೆಲ್ಲಗೆ, ನಾನು ನೋಡಿಲ್ಲವೇನೋ ಎಂಬಂತೆ.

"ನೋಡೇನ್ರಿ."

"ಮತ್ತ ಏಳ್ರಿ."

"ಎದ್ರ ಇದು ಬೀಳ್ತೈತ್ರಿ ಮಾವಾರ."

ದೊಡ್ಡಮಾವ ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತು ನನ್ನನ್ನು ನೋಡುತ್ತಿದ್ದರು. ಎಂಬತ್ತೆರಡು ವರ್ಷದಲ್ಲಿ ತಮ್ಮ ಮುಂದೆ ಹೀಗೆ ಕೂತವನನ್ನು ಅವರು ಕಂಡಿರಲಿಲ್ಲ, ಅದೂ ಕೌದಿ ಹಾಸಿಕೊಂಡು. ಮಾವನವರ ಕಿವಿ ಕೆಂಪಾಯಿತು. ಮದುವೆಯಾದಾಗಿನಿಂದ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದ ಮನುಷ್ಯ ಮೊದಲ ಸಲ ಏಕವಚನಕ್ಕೆ ಇಳಿದರು.

"ಏ ಅಮರೇಶ, ಏಳೋ ಮ್ಯಾಲೆ! ಅನ್ನ ಹಾಕಿದ ಮನಿ ಮರ್ಯಾದಿ ತಗೀತೀಯೇನು?"

ನಾನು ಏಳಲಿಲ್ಲ. ದುರಗಪ್ಪನಿಗೆ ತಡೆಯಲಾಗಲಿಲ್ಲ. ಬಂದು ನನ್ನ ರಟ್ಟೆ ಹಿಡಿದು, "ಏಳ್ರಿ ಅಳ್ಯಾರ, ಮೈಯಾಗ ಆರಾಮಿಲ್ಲೇನು?" ಎಂದು ಎಳೆಯತೊಡಗಿದ. ಹೊಟ್ಟೆಯಲ್ಲಿದ್ದ ಸಿಟ್ಟನ್ನೆಲ್ಲ ಸೇರಿಸಿ ಅವನ ಎದೆಗೆ ಕಾಲು ಕೊಟ್ಟು ನೂಕಿದೆ. ಹೌದು, ದೊಡ್ಡಮಾವನ ಎದುರು ಕಾಲು ಚಾಚಿದೆ. ಯಾರೋ "ಶಿವಶಿವಾ" ಎಂದರು. ಮೇಲಿನ ಪ್ಯಾಲೆಟ್ಟು ಅಷ್ಟರಲ್ಲಿ ಎರಡು ಮೀಟರಿಗೆ ಬಂದಿತ್ತು. ಕಾವೇರಿಯ ಮೂಗಿನ ತುದಿಯಿಂದ ಬೆವರು ಹಿಡಿಯ ಮೇಲೆ ಬೀಳುತ್ತಿತ್ತು. ಅವಳು ಯಾರ ಕಡೆಗೂ ನೋಡಲಿಲ್ಲ.

ಪ್ಯಾಲೆಟ್ಟು ನೆಲಕ್ಕೆ ಮುಟ್ಟಿದ ಮೇಲೆ ಇಳಿದು ಹೋಗಿ ದೊಡ್ಡಮಾವನ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಕುಂತಿರಪಾ, ದಣಿದಿರಬೇಕು" ಎಂದರು.

ಮಾವ ನನ್ನನ್ನು ಪಕ್ಕಕ್ಕೆ ಸರಿಸಿದರು. "ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾರ. ಇನ್ನೊಮ್ಮೆ ಏರ್ಸಿ ತೋರಸ್ತೇವಿ. ದುರಗಪ್ಪ, ನೀ ಕುಂದ್ರು ಮ್ಯಾಲೆ."

ದುರಗಪ್ಪ ಐವತ್ತೆರಡು ಕಿಲೋ ಇದ್ದಾನೆ. ಮಾವ ಒಂದು ಕ್ಷಣ ಲೆಕ್ಕ ಹಾಕಿ, "ತೊಡಿ ಮ್ಯಾಲೆ ಮೂರು ಡಬ್ಬಿ ಇಟ್ಕೋ" ಎಂದರು. ಅವನು ಚಪ್ಪಲಿ ಬಿಟ್ಟು, ದೇವರ ಗದ್ದುಗೆಗೆ ಹತ್ತುವಂತೆ ಯಂತ್ರಕ್ಕೆ ಕೈಮುಗಿದು ನನ್ನ ಕೌದಿಯ ಮೇಲೆ ಕೂತ. ಡಬ್ಬಿಗಳನ್ನು ತೊಡೆಯ ಮೇಲೆ ಒಂದೊಂದಾಗಿ ಇಡಿಸಿಕೊಂಡ. ಆಮೇಲೆ ಹೆಮ್ಮೆಯಿಂದ ಹೇಳಿದ:

"ನಾ ಅಳ್ಯಾರಂಗ ಅಲ್ರಿ ಸಾವ್ಕಾರ್ರ. ದೊಡ್ಡವ್ರು ಹತ್ರ ಬಂದ್ರ ಡಬ್ಬಿ ಒಗದು ಎದ್ದ ನಿಂದರ್ತೇನಿ."

"ಶಾಣ್ಯಾ" ಎಂದರು ಮಾವ.

ಕಾವೇರಿ ಹಿಡಿಯಿಂದ ಕೈ ತೆಗೆದಳು. "ನಾ ಏರ್ಸೂದಿಲ್ರಿ."

"ಏರ್ಸಲಿಲ್ಲಂದ್ರ ನಾಳಿಂದ ಬರಬ್ಯಾಡ."

ಅವಳು ನನ್ನ ಕಡೆ ನೋಡಿದಳು. ಏನೂ ಕೇಳಲಿಲ್ಲ, ಕೇಳಿ ಕೇಳಿ ಬಿಟ್ಟಿದ್ದಳು. ಚಾವಿ ತೆಗೆದು ಯಂತ್ರದ ಮೇಲಿಟ್ಟು ಮೂಲೆಯಲ್ಲಿದ್ದ ತನ್ನ ಚೀಲದ ಕಡೆ ನಡೆದಳು. ಆ ಸಂಬಳದಲ್ಲಿ ಅವಳ ಮನೆ ನಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆಯೇ ನಾನು ಬಾಯಿ ತೆರೆದಿದ್ದರೆ ಆ ಚೀಲ ಅಲ್ಲೇ ಮೊಳೆಗೆ ತೂಗುತ್ತಿರುತ್ತಿತ್ತು. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ದುರಗಪ್ಪನ ತೊಡೆಯಿಂದ ಡಬ್ಬಿ ಇಳಿಸಿ ಅವನನ್ನು ಎಬ್ಬಿಸಿದೆ. ಚಾವಿ ತೆಗೆದುಕೊಂಡು ಮಾವನ ಅಂಗೈಯಲ್ಲಿ ಇಟ್ಟೆ. ಹೋಗಿ ನನ್ನ ಜಾಗದಲ್ಲಿ ಕೂತೆ.

"ಮಾವಾರ, ನೀವ ಹಿಡಿ ಹಿಡೀರಿ. ನೀವ ಏರ್ಸ್ರಿ. ನಾ ಕುಂದರ್ತೇನಿ. ಮ್ಯಾಲೆ ಹೋದ ಮ್ಯಾಲೆ ದೊಡ್ಡಮಾವಾರು ನನ್ನ ಮುಂದ ಬರಲಿ. ಈ ಸಲ ಖರೇನ ಎದ್ದ ನಿಂದರ್ತೇನಿ."

ಮಾವ ಮಾತಿಗೆ ಹಿಂದೆ ಸರಿಯುವವರಲ್ಲ, ಅದರಲ್ಲೂ ಅಣ್ಣನ ಎದುರು. ಬಂದು ಹಿಡಿಯ ಹತ್ತಿರ ನಿಂತರು. ಚಾವಿ ಹಾಕಿದರು. ಹಿಡಿ ಹಿಡಿದರು. ಡಬ್ಬಿಗಳ ರಾಶಿ ನೋಡಿದರು, ಮೇಲಿನ ಅಂತಸ್ತು ನೋಡಿದರು, ನನ್ನ ಕುಂಡೆ ನೋಡಿದರು. ಕೊನೆಗೆ ತಮ್ಮ ಪಾದ ನೋಡಿದರು. ಕಾವೇರಿ ದಿನಾ ನಿಲ್ಲುವ ಜಾಗದಲ್ಲಿ, ಕಬ್ಬಿಣದ ಆ ಭಾರದ ಸರಿ ಕೆಳಗೆ, ಹೊಸ ಚಪ್ಪಲಿಯಲ್ಲಿ ಅವರ ಎರಡು ಪಾದಗಳಿದ್ದವು. ಒಂದು ಪಾದವನ್ನು ಸ್ವಲ್ಪ ಹಿಂದಿಟ್ಟರು. ಆಮೇಲೆ ಇನ್ನೊಂದನ್ನು.

"ಕಾವೇರಿ" ಎಂದರು. ದನಿ ಸಣ್ಣದಾಗಿತ್ತು. "ಆ ತಗಡಿನ್ಯಾಗ ಏನೋ ಬರದೈತಿ ಅಂದಿದ್ದೆಲ್ಲವಾ. ಓದು."

ಅವಳು ಚೀಲ ಹೆಗಲಿಗೆ ಹಾಕಿಕೊಂಡೇ ಬಂದು ಓದಿದಳು. ಒಂದೂವರೆ ಮೀಟರಿಗೆ ಸಾವಿರ. ಎರಡಕ್ಕೆ ಎಂಟುನೂರು. ಮೂರಕ್ಕೆ ಆರುನೂರು. ಮೇಲೆ ಯಾರೂ ಕೂಡಬಾರದು.

ದೊಡ್ಡಮಾವ ಕೋಲಿನಿಂದ ಪ್ಯಾಲೆಟ್ಟು ತೋರಿಸಿದರು. "ಇದೆಷ್ಟೈತಿ?"

"ಒಂಬೈನೂರಾ ಎಂಬತ್ತೈದ್ರಿ" ಎಂದೆ ನಾನು.

ಅವರು ಹತ್ತಿ ತೂಗಿದ ಮನುಷ್ಯ, ಬೇರೆ ವಿವರಣೆ ಬೇಕಾಗಲಿಲ್ಲ. ತಮ್ಮನನ್ನು ಏನೂ ಅನ್ನಲಿಲ್ಲ. ತಮ್ಮನ ತಲೆ ಎಷ್ಟು ಎಂದು ಎಪ್ಪತ್ತು ವರ್ಷದಿಂದ ಗೊತ್ತಿತ್ತೆಂದು ಕಾಣುತ್ತದೆ. ನನ್ನ ಹತ್ತಿರ ಬಂದರು. ನಾನು ಎದ್ದು ನಿಂತೆ.

"ನೀ ಕಲಿತವ. ಇದನ್ನ ಓದಿದ್ದೇನು?"

"ಓದಿದ್ದೆ ರೀ."

"ಯಾವಾಗ?"

"ಮಶಿನ್ ಬಂದ ಮೂರನೇ ದಿನ."

"ಬಂದು ಎಷ್ಟ ದಿನ ಆತು?"

"ಎರಡ ತಿಂಗಳಾತ್ರಿ."

ದೊಡ್ಡಮಾವ ಕಾವೇರಿಯ ಪಾದಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಯ್ಯಲಿಲ್ಲ. ಅದು ನನಗೆ ಚೆನ್ನಾಗಿ ಪರಿಚಯವಿದ್ದ ನೋಟ. ಆರು ವರ್ಷದಿಂದ ಆ ಮನೆಯಲ್ಲಿ, ಎರಡು ತಿಂಗಳಿಂದ ಆ ಯಂತ್ರದ ಮೇಲೆ ಕೂತು, ನಾನು ಎಲ್ಲರನ್ನೂ ನೋಡುತ್ತಿದ್ದುದು ಹಾಗೆಯೇ.

ಕಾವೇರಿ ಮಾವನ ಕೈಯಿಂದ ಚಾವಿ ತೆಗೆದುಕೊಂಡಳು. ಕೌದಿಯನ್ನು ಮಡಚಿ ನನ್ನ ಕೈಗೆ ಕೊಟ್ಟು, ಪ್ಯಾಲೆಟ್ಟಿನಿಂದ ಡಬ್ಬಿ ಇಳಿಸಿ ಅರ್ಧ ಮಾಡಲು ದುರಗಪ್ಪನನ್ನು ಕರೆದಳು. ನಾನೂ ಹೋಗಿ ಒಂದು ಡಬ್ಬಿ ಎತ್ತಿದೆ.